ಬಿ.ಎ. ತರಗತಿಯಲ್ಲಿ ಇಂಗ್ಲಿಷ್ ಸಂಪಾದಕೀಯ: ಓದುತ್ತಾರೆ, ಪ್ರಶ್ನಿಸುವುದಿಲ್ಲ

ತುಂಗಾತೀರ: ಕನ್ನಡ ಮಾಧ್ಯಮದಿಂದ ಬಂದ 60 ವಿದ್ಯಾರ್ಥಿಗಳು. ಪದಕ್ಕೆ ಪದ ಅರ್ಥ ಬರೆದುಕೊಳ್ಳುತ್ತಾರೆ. ವಾದ ಎಲ್ಲಿ ಸಡಿಲ ಅಂದರೆ ಮೌನ. 50 ನಿಮಿಷದ ಪೀರಿಯಡ್‌ನಲ್ಲಿ ಏನು ಮಾಡಬಹುದು?

ಮೇಷ್ಟ್ರು_ಧಾರವಾಡ: ಪಠ್ಯ 250 ಪದ ಮೀರದಿರಲಿ. ನೂರು ಪದದಲ್ಲಿ ಗೊತ್ತಿಲ್ಲದವು ಐದಕ್ಕಿಂತ ಹೆಚ್ಚಿದ್ದರೆ ಗಮನವೆಲ್ಲ ಡಿಕ್ಷನರಿಗೇ ಹೋಗುತ್ತದೆ. ಮೊದಲ ಓದಿಗೆ ಪೆನ್ ಕೆಳಗೆ. ಎರಡನೆಯದರಲ್ಲಿ ಪ್ರತಿ ವಾಕ್ಯದ ಪಕ್ಕ ಒಂದು ಗುರುತು: ಸಂಗತಿಗೆ ‘ಸಂ’, ಅಭಿಪ್ರಾಯಕ್ಕೆ ‘ಅ’. ಯಾವ ವಾಕ್ಯಕ್ಕೆ ಜಗಳ ಹುಟ್ಟುತ್ತದೋ ಅದೇ ಅವತ್ತಿನ ಪಾಠ. ಚರ್ಚೆ ಕನ್ನಡದಲ್ಲೇ ನಡೆಯಲಿ, ಇಂಗ್ಲಿಷ್‌ನಲ್ಲೇ ಮಾತಾಡಿ ಅಂದರೆ ಬಾಯಿ ಕಟ್ಟುತ್ತದೆ.

ಓದುಗಣ್ಣು: ಎಡವುವುದು ದೊಡ್ಡ ಪದಗಳಲ್ಲಿ ಅಲ್ಲ, ಸಣ್ಣವುಗಳಲ್ಲಿ. ‘ಹಾರ್ಡ್ಲಿ’ ಅಂದರೆ ‘ಇಲ್ಲವೇ ಇಲ್ಲ ಅನ್ನುವಷ್ಟು’, ಆದರೆ ಅದರಲ್ಲಿ ‘ನಾಟ್’ ಕಾಣುವುದಿಲ್ಲ, ಹಾಗಾಗಿ ಅರ್ಥ ತಲೆಕೆಳಗು. ‘ಫ್ಯೂ’ (ತೀರಾ ಕಡಿಮೆ), ‘ಎ ಫ್ಯೂ’ (ಕೆಲವು) ಒಂದೇ ಅಂದುಕೊಳ್ಳುತ್ತಾರೆ. ಮಾತು ಖಚಿತವಲ್ಲ ಅಂತ ಸೂಚಿಸುವ ‘ಮೇ’, ‘ಸೀಮ್ಸ್’, ‘ಅಲೆಜೆಡ್ಲಿ’ಯನ್ನಂತೂ ಹಾರಿಸಿಯೇ ಓದುತ್ತಾರೆ. ಇದಕ್ಕೆ ನಮ್ಮ ‘ಅಂತೆ’ಯೇ ಕೀಲಿಕೈ. ‘ಬಂದರು’, ‘ಬಂದರಂತೆ’, ‘ಬಂದಿರಬಹುದು’: ವ್ಯತ್ಯಾಸ ಯಾರಿಗೂ ಹೇಳಿಕೊಡಬೇಕಿಲ್ಲ. ಇಂಗ್ಲಿಷ್ ವಾಕ್ಯ ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ ಅಂತ ಕೇಳಿ.

ತುಂಗಾತೀರ: ಅಂಕ ಇಲ್ಲದ್ದಕ್ಕೆ ಮನಸ್ಸು ಕೊಡಲ್ಲ, ಗೈಡ್ ಹಿಡಿಯುತ್ತಾರೆ.

ಮೇಷ್ಟ್ರು_ಧಾರವಾಡ: ಆಂತರಿಕ ಮೌಲ್ಯಮಾಪನ ನಿಮ್ಮ ಕೈಲೇ ಇದೆಯಲ್ಲ ಸರ್. 5 ಅಂಕ ಇಡಿ. ಒಂದೇ ಸುದ್ದಿಗೆ ಎರಡು ಪತ್ರಿಕೆಗಳ ವರದಿ ಕೊಟ್ಟು, ಯಾರು ಏನನ್ನು ಬಿಟ್ಟಿದ್ದಾರೆ ಅಂತ 6 ಸಾಲು ಬರೆಸಿ. ಅದು ಯಾವ ಗೈಡ್‌ನಲ್ಲೂ ಸಿಗಲ್ಲ.