ಕೆಂಪು ಚುಕ್ಕೆಗಳನ್ನು ನೋಡಿಯೇ ಸೋರಿಯಾಸಿಸ್ ಎನ್ನಬಹುದೇ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

70 ವರ್ಷದ ನಮ್ಮ ತಂದೆಯವರ ಎರಡೂ ಮೊಣಕೈಗಳ ಮೇಲೆ ಬಿಳಿ ಹೊಟ್ಟು ಏಳುವ ದಪ್ಪ ಮಚ್ಚೆಗಳಾಗಿ ವರ್ಷವಾಗುತ್ತ ಬಂತು. ಇಸುಬು ಎಂದುಕೊಂಡು ದಿನವೂ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಕಳೆದ ವಾರ ಚರ್ಮದ ವೈದ್ಯರು ದೀಪವಿರುವ ಸಣ್ಣ ಮಸೂರವೊಂದನ್ನು ಮಚ್ಚೆಯ ಮೇಲಿಟ್ಟು ಮೊಬೈಲ್ ಪರದೆಯಲ್ಲಿ ನನಗೂ ತೋರಿಸಿದರು. ಕುಂಕುಮ ಉದುರಿಸಿದಂತೆ ಒಂದೇ ಸಮನೆ ಕೆಂಪು ಚುಕ್ಕೆಗಳಿದ್ದವು. ಅವು ರಕ್ತನಾಳಗಳೆಂದೂ, ಇದು ಸೋರಿಯಾಸಿಸ್ ಇರಬೇಕೆಂದೂ, ಸದ್ಯಕ್ಕೆ ಬಯಾಪ್ಸಿ ಬೇಡವೆಂದೂ ಹೇಳಿದರು. ಚರ್ಮ ಕತ್ತರಿಸದೆ ಇಷ್ಟನ್ನು ಹೇಳಲು ಸಾಧ್ಯವೇ? ತಂದೆಯವರ ಕಣ್ಣಿಗೆ ಮಾಡಿಸಿದ ಓಸಿಟಿ ಸ್ಕ್ಯಾನ್ (ಬೆಳಕಿನಿಂದ ಒಳಪದರಗಳ ಚಿತ್ರ ತೆಗೆಯುವುದು) ಚರ್ಮಕ್ಕೂ ಇದೆಯೆಂದು ಓದಿದೆ, ಅದನ್ನು ಮಾಡಿಸಲೇಬೇಕೇ?

ಉತ್ತರ 1 (ಚರ್ಮವೈದ್ಯ, ಚಿತ್ರದುರ್ಗ)

ನೀವು ಕಂಡದ್ದು ಡರ್ಮಟೋಸ್ಕೋಪ್; ಸಾಮಾನ್ಯವಾಗಿ 10 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಸೋರಿಯಾಸಿಸ್‌ನಲ್ಲಿ ಚರ್ಮದ ಮೇಲ್ಪದರಕ್ಕೆ ತಾಗಿದಂತಿರುವ ಲೋಮನಾಳಗಳು (ಅತಿ ಸಣ್ಣ ರಕ್ತನಾಳಗಳು) ಉದ್ದವಾಗಿ, ಹಿಗ್ಗಿ, ಸುರುಳಿಯಾಗಿ ನೆಟ್ಟಗೆ ನಿಲ್ಲುತ್ತವೆ. ಊದುಬತ್ತಿಯ ಕಟ್ಟನ್ನು ತುದಿಯಿಂದ ನೋಡಿದಂತೆ, ಮೇಲಿನಿಂದ ಅವು ಚುಕ್ಕೆಗಳಾಗಿಯೇ ಕಾಣುತ್ತವೆ. ಹೊಟ್ಟು ಕೆರೆದಾಗ ಸೂಜಿಮೊನೆಯಷ್ಟು ರಕ್ತ ಜಿನುಗುವುದೂ ಇದೇ ಕಾರಣಕ್ಕೆ. ಚುಕ್ಕೆಗಳು ಇಸುಬಿನಲ್ಲಿಯೂ ಇರುತ್ತವೆ, ಆದರೆ ಅಲ್ಲೊಂದು ಇಲ್ಲೊಂದು ಗುಂಪಾಗಿ, ಹಳದಿ ಹಕ್ಕಳೆಯ ಜೊತೆಗೆ. ಆದ್ದರಿಂದ ಚುಕ್ಕೆ ಇದೆಯೇ ಎಂಬುದಕ್ಕಿಂತ ಹೇಗೆ ಹರಡಿದೆ ಎಂಬುದನ್ನೇ ನಾವು ಹೆಚ್ಚಾಗಿ ನೋಡುತ್ತೇವೆ.

ಎರಡು ಎಚ್ಚರಿಕೆಗಳಿವೆ. ಉಪಕರಣವನ್ನು ಒತ್ತಿ ಹಿಡಿದರೆ ನಾಳಗಳಲ್ಲಿನ ರಕ್ತ ಸರಿದುಹೋಗಿ ಚುಕ್ಕೆಗಳೇ ಮಾಯವಾಗುತ್ತವೆ. ನಮ್ಮಂಥ ಕಂದು ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಅವನ್ನು ಮಬ್ಬಾಗಿಸುತ್ತದೆ. ಹಾಗಾಗಿ ಚಿತ್ರ ಸ್ಪಷ್ಟವಿಲ್ಲದಿದ್ದರೆ, ಅಥವಾ ಔಷಧಕ್ಕೆ ಮಚ್ಚೆ ಬಗ್ಗದಿದ್ದರೆ, ನಾನಂತೂ ಬಯಾಪ್ಸಿಗೆ ಹಿಂಜರಿಯುವುದಿಲ್ಲ. ಇನ್ನೊಂದು ಮಾತು: ಮೆಡಿಕಲ್ ಶಾಪಿನಿಂದ ತಾವಾಗಿಯೇ ತಂದ ಸ್ಟೀರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದವರಲ್ಲಿ ಚರ್ಮ ತೆಳುವಾಗಿ, ಚುಕ್ಕೆಗಳ ಬದಲು ಗೆರೆಯಂಥ ನಾಳಗಳು ಕಾಣತೊಡಗುತ್ತವೆ.

ಉತ್ತರ 2 (ಭೌತವಿಜ್ಞಾನ ಉಪನ್ಯಾಸಕಿ, ದಾವಣಗೆರೆ)

ಓಸಿಟಿ 1991ರಲ್ಲಿ ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ ವಿಧಾನ. ಚರ್ಮಕ್ಕೆ ಸುಮಾರು 1300 ನ್ಯಾನೊಮೀಟರಿನ ಅವಕೆಂಪು ಬೆಳಕನ್ನು ಬಳಸುತ್ತಾರೆ. ಮೆಲನಿನ್ ಇದನ್ನು ಅಷ್ಟಾಗಿ ಹೀರುವುದಿಲ್ಲ, ಒಂದೆರಡು ಮಿಲಿಮೀಟರ್ ಆಳದವರೆಗೆ ಅಡ್ಡಸೀಳಿದಂಥ ಚಿತ್ರ ಸಿಗುತ್ತದೆ. ನಾಳಗಳನ್ನು ಬೇರ್ಪಡಿಸುವ ಉಪಾಯ ಸೊಗಸಾಗಿದೆ. ಪಿ.ಬಿ. ರಸ್ತೆಯ ಒಂದೇ ಜಾಗದಿಂದ ಕ್ಷಣದ ಅಂತರದಲ್ಲಿ ಎರಡು ಫೋಟೊ ತೆಗೆದರೆ ಅಂಗಡಿಗಳು ಅಲ್ಲೇ ಇರುತ್ತವೆ, ಆಟೊಗಳು ಮಾತ್ರ ಮುಂದೆ ಸರಿದಿರುತ್ತವೆ. ಹಾಗೆಯೇ ಒಂದೇ ಗೆರೆಯನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ವ್ಯತ್ಯಾಸ ಕಂಡಲ್ಲಿ ರಕ್ತಕಣಗಳು ಹರಿಯುತ್ತಿವೆ ಎಂದು ಗುರುತಿಸುತ್ತಾರೆ. ಬಣ್ಣದ ಚುಚ್ಚುಮದ್ದು ಬೇಕಿಲ್ಲ. ಆದರೆ ಕೈ ತುಸು ಅಲುಗಿದರೂ ಚಿತ್ರದ ತುಂಬ ಪಟ್ಟೆಗಳು ಬೀಳುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮುಂದಿನ ಭೇಟಿಗೆ ತಂದೆಯವರು ಎಣ್ಣೆ ಹಚ್ಚಿಕೊಂಡೇ ಹೋಗಬಹುದೇ?

ಉತ್ತರ 1ರವರು

ದಯವಿಟ್ಟು ಬೇಡ. ಎಣ್ಣೆ ತಾಗಿದ ಹೊಟ್ಟು ಪಾರದರ್ಶಕವಾಗಿ ನಾಳಗಳು ಚೆನ್ನಾಗಿ ಕಾಣುತ್ತವೆ, ನಿಜ. ಆದರೆ ಹೊಟ್ಟಿನ ಬಿಳಿ ಅಥವಾ ಹಳದಿ ಬಣ್ಣವೂ ನಮಗೊಂದು ಸುಳಿವು. ಮೊದಲು ಒಣಗಿದ ಮಚ್ಚೆಯನ್ನು ನೋಡಿ, ಬೇಕಾದರೆ ಎಣ್ಣೆಯನ್ನೋ ಜೆಲ್ ಅನ್ನೋ ನಾವೇ ಹಚ್ಚುತ್ತೇವೆ. ನಿಮ್ಮ ತಂದೆಯವರಿಗೆ ಓಸಿಟಿಯ ಅಗತ್ಯವಂತೂ ಸದ್ಯಕ್ಕೆ ನನಗೆ ಕಾಣುವುದಿಲ್ಲ.