ಎಚಿಂಗ್‌ಗೆ ಕನ್ನಡದಲ್ಲಿ ಏನನ್ನೋಣ? ಕೆತ್ತನೆಯೋ, ಕೊರೆತವೋ?

ಎಲ್ಲರಿಗೂ ನಮಸ್ಕಾರ,

ಬರೋಕ್ ಕಾಲದ, ಅಂದರೆ ಯೂರೋಪಿನ ಹದಿನೇಳನೇ ಶತಮಾನದ ಹೊತ್ತಿನ, ಒಂದು ಚಿತ್ರದ ಬಗ್ಗೆ ಕನ್ನಡದಲ್ಲಿ ಬರೆಯುತ್ತಾ ಕೂತಿದ್ದೆ, ಒಂದೇ ಒಂದು ಪದಕ್ಕೆ ಸಿಕ್ಕಿಕೊಂಡೆ. ಹಾಲೆಂಡಿನ ಹಾರ್ಲೆಮ್ ಊರಿನ ಆದ್ರಿಯಾನ್ ವಾನ್ ಓಸ್ಟಾಡೆ 1648ರಲ್ಲಿ ಮಾಡಿದ ಎಚಿಂಗ್ ಅದು, ಅಂದರೆ ತಾಮ್ರದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಮೂಡಿಸಿ ಹಾಳೆಗೆ ಅಚ್ಚೊತ್ತಿದ ಚಿತ್ರ. ಅಂಗೈಯಗಲದ್ದು. ರೈತನ ಮನೆಯೊಳಗೆ ಅಪ್ಪ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಮಚದಲ್ಲಿ ತಿನ್ನಿಸುತ್ತಿದ್ದಾನೆ, ಅಷ್ಟೇ. ಹತ್ತಿರದಿಂದ ನೋಡಿದರೆ ಎಲ್ಲಾ ಸಣ್ಣ ಸಣ್ಣ ಗೀರುಗಳು. ಮನೆಯ ಮಬ್ಬುಗತ್ತಲೆ ಕೂಡ ಗೀರಿನ ಮೇಲೆ ಗೀರು ಎಳೆದೇ ಬಂದದ್ದು.

ಇದನ್ನು 'ಕೆತ್ತನೆ' ಅಂತ ಬರೆಯೋಕೆ ನನಗೆ ಮನಸ್ಸಿಲ್ಲ. ಕೆತ್ತನೆ ಅಂದರೆ ನಮಗೆ ಉಳಿ, ಸುತ್ತಿಗೆ, ಬೇಲೂರು, ಹಳೇಬೀಡು. ಕೈಬಲದ ಕೆಲಸ. ತಾಮ್ರದ ತಗಡಿನ ಮೇಲೆ ಮೊನಚು ಉಳಿಯನ್ನು ಒತ್ತಿ ತಳ್ಳಿ ಮಾಡುವ ಎನ್‌ಗ್ರೇವಿಂಗ್‌ಗೆ ಆ ಪದ ಸರಿಹೋಗುತ್ತದೆ. ಎಚಿಂಗ್ ಹಾಗಲ್ಲ. ತಗಡಿಗೆ ಮೇಣ ಬಳಿದು, ಸೂಜಿಯಿಂದ ಆ ಮೇಣವನ್ನಷ್ಟೇ ಗೀರುತ್ತಾರೆ, ಹಾಳೆಯ ಮೇಲೆ ಬರೆದಷ್ಟೇ ಸಲೀಸಾಗಿ. ಆಮೇಲೆ ತಗಡನ್ನು ಆಸಿಡ್‌ನಲ್ಲಿ ಇಟ್ಟರೆ ಮೇಣ ಹೋದ ಕಡೆಯಲ್ಲೆಲ್ಲ ಅದು ತಾಮ್ರವನ್ನು ತಿನ್ನುತ್ತದೆ. ಹೊತ್ತು ಜಾಸ್ತಿಯಾದಷ್ಟೂ ಗೆರೆ ಆಳ, ಆ ಗೆರೆಗಳಿಗೆ ಮಸಿ ತುಂಬಿ ಹಾಳೆಗೆ ಒತ್ತಿದ ಅಚ್ಚಿನಲ್ಲಿ ಅಷ್ಟೂ ಕಪ್ಪು.

'ತಿನ್ನುತ್ತದೆ' ಅಂತ ಸುಮ್ನೆ ಬರೆದದ್ದಲ್ಲ. 'ಎಚ್' (etch) ಅನ್ನುವ ಇಂಗ್ಲಿಷ್ ಪದ ಡಚ್ಚರ 'ಎಟ್ಸೆನ್'ನಿಂದ ಬಂದದ್ದು, ಡಚ್ಚರಿಗೆ ಅದು ಬಂದದ್ದು ಜರ್ಮನ್ನಿನ 'ಎಟ್ಸನ್'ನಿಂದ, ಅದರ ಮೂಲ ಅರ್ಥ ತಿನ್ನುವಂತೆ ಮಾಡು, ಅಂದರೆ ನಮ್ಮ 'ತಿನ್ನಿಸು'! ಚಿತ್ರದೊಳಗಿನ ಅಪ್ಪ ಮಾಡುತ್ತಿರುವುದೂ ಅದೇ, ಓಸ್ಟಾಡೆ ತಗಡಿಗೆ ಮಾಡಿದ್ದೂ ಅದೇ. ಇದು ಹೊಳೆದಾಗ ಎಷ್ಟು ಖುಷಿಯಾಯಿತು ಗೊತ್ತಾ. ನಾವೂ ಹಾಗೇ ಹೇಳುತ್ತೇವೆ ಅಲ್ವಾ, ಕಿಟಕಿ ಸರಳನ್ನು ತುಕ್ಕು ತಿಂದುಹಾಕಿತು ಅಂತ. ಆದರೆ 'ತಿನ್ನಿಸಿದ ಚಿತ್ರ' ಅಂದರೆ ಯಾರಿಗೂ ಅರ್ಥವಾಗದು.

ಹಾಗಾಗಿ 'ಕೊರೆತ' ಹೇಗೆ? ಕಡಲ್ಕೊರೆತ ಅನ್ನುತ್ತೇವಲ್ಲ, ಅಲ್ಲಿ ಯಾರ ಕೈಯೂ ಇಲ್ಲ, ನೀರೇ ದಡವನ್ನು ತಿನ್ನುತ್ತದೆ. ಅದೇ ಜಾಡಿನಲ್ಲಿ 'ಕೊರೆತಚಿತ್ರ' ಅನ್ನಬಹುದು ಅನಿಸುತ್ತದೆ. ತೊಡಕು ಒಂದೇ, ಬೈರಿಗೆಯಲ್ಲಿ ತೂತು ಕೊರೆಯುವುದಕ್ಕೂ ನಮ್ಮಲ್ಲಿ ಇದೇ ಮಾತು.

ಅಕ್ಕಸಾಲಿಗರ ಮನೆಯವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಆಸಿಡ್ ಲೋಹವನ್ನು ತಿನ್ನುವುದಕ್ಕೆ ನಿಮ್ಮ ಕೆಲಸದ ಮಾತಿನಲ್ಲಿ ಏನನ್ನುತ್ತೀರಿ?