ನೀರಿನ ವಿದ್ಯುದ್ವಿಭಜನೆಯಲ್ಲಿ ಹೈಡ್ರೋಜನ್, ಆಕ್ಸಿಜನ್ ಗಾತ್ರ 2:1 ಬರುತ್ತಿಲ್ಲ. ಮಕ್ಕಳಿಗೆ ಏನು ಹೇಳುವುದು?

ಸೀಮೆಸುಣ್ಣ (ಪ್ರಶ್ನೆ):

ಹೈಸ್ಕೂಲ್ ಮಕ್ಕಳಿಗೆ ನೀರಿನ ವಿದ್ಯುದ್ವಿಭಜನೆ ತೋರಿಸಲು ಮಾಡಿದ ಜೋಡಣೆ ಹೀಗಿದೆ. ತಳದಲ್ಲಿ ಎರಡು ತೂತು ಕೊರೆದ ಪ್ಲಾಸ್ಟಿಕ್ ಲೋಟ, ಆ ತೂತುಗಳಲ್ಲಿ ರಬ್ಬರ್ ಬಿರಡೆಯ ಮೂಲಕ ತೂರಿಸಿದ ಎರಡು ಪೆನ್ಸಿಲ್ ಕಡ್ಡಿ, 200 ಮಿ.ಲೀ. ನೀರು, ಕೆಲವು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ, 9 ವೋಲ್ಟ್ ಬ್ಯಾಟರಿ. ಕಡ್ಡಿಗಳ ಮೇಲೆ ನೀರು ತುಂಬಿ ಬೋರಲು ಹಾಕಿದ ಎರಡು ಪ್ರನಾಳ. 20 ನಿಮಿಷಕ್ಕೆ ಕ್ಯಾಥೋಡ್ (ಬ್ಯಾಟರಿಯ ಋಣ ತುದಿಗೆ ಸೇರಿದ, ಹೈಡ್ರೋಜನ್ ಹುಟ್ಟುವ ಕಡ್ಡಿ) ಕಡೆ 11 ಮಿ.ಲೀ., ಆನೋಡ್ (ಧನ ತುದಿಗೆ ಸೇರಿದ, ಆಕ್ಸಿಜನ್ ಹುಟ್ಟುವ ಕಡ್ಡಿ) ಕಡೆ 3.5 ಮಿ.ಲೀ. ಅನಿಲ ಬಂತು. ಅಂದರೆ ಮೂರು ಪಟ್ಟಿಗಿಂತಲೂ ಹೆಚ್ಚು. ಆಮ್ಲದ ಬದಲು ಉಪ್ಪು ಹಾಕಿದರೆ ಆನೋಡ್ ಕಡೆ ಅನಿಲವೇ ಇಲ್ಲದಂತಾಗಿ ಘಾಟು ವಾಸನೆ ಬರುತ್ತದೆ.

ಮಕ್ಕಳು ಕಣ್ಣಾರೆ ಕಂಡದ್ದನ್ನು ಬಿಟ್ಟು ಪುಸ್ತಕದ 2:1 ಅನ್ನೇ ಬರೆದುಕೊಳ್ಳುತ್ತಾರೆ. ಅದು ನನಗೆ ಸರಿಕಾಣುತ್ತಿಲ್ಲ. ಜೊತೆಗೆ ಎರಡು ಪ್ರಶ್ನೆ ಎದ್ದಿವೆ. ಒಂದೇ ಕರೆಂಟ್ ಎರಡೂ ಕಡ್ಡಿಗಳಲ್ಲಿ ಹರಿಯುವಾಗ ಒಂದು ಕಡೆ ಮಾತ್ರ ಅನಿಲ ಎರಡು ಪಟ್ಟು ಏಕೆ? ಆಮ್ಲ ಹಾಕಿದ ಮೇಲೆ ತಾನೇ ಗುಳ್ಳೆ ಬಂದದ್ದು, ಹಾಗಾದರೆ ಹೈಡ್ರೋಜನ್ ಆಮ್ಲದಿಂದ ಬಂದದ್ದಲ್ಲವೇ?

ಬೀಕರ್‌ಬುಡ (ಉತ್ತರ):

ನಿಮ್ಮ ಆಕ್ಸಿಜನ್ ಕದಿಯುತ್ತಿರುವುದು ಮುಖ್ಯವಾಗಿ ಆ ಪೆನ್ಸಿಲ್ ಕಡ್ಡಿಯೇ. ಗ್ರಾಫೈಟ್ ಅಂದರೆ ಇಂಗಾಲ. ಆನೋಡಿನಲ್ಲಿ ನೀರು ಆಕ್ಸಿಜನ್ ಆಗುವುದರ ಜೊತೆಗೇ ಇಂಗಾಲವೂ ಒಂದಷ್ಟು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಒಂದು ಆಕ್ಸಿಜನ್ ಅಣುವಿಗೆ 4 ಎಲೆಕ್ಟ್ರಾನ್ ಲೆಕ್ಕ, ಒಂದು ಕಾರ್ಬನ್ ಡೈಆಕ್ಸೈಡ್ ಅಣುವಿಗೂ 4. ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದು ಹುಟ್ಟುತ್ತದೆ. ಆದರೆ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಪ್ರನಾಳದಲ್ಲಿ ಅದರ ಬಹುಪಾಲು ಕಾಣಿಸುವುದೇ ಇಲ್ಲ. ಪೆನ್ಸಿಲ್ ಕಡ್ಡಿಯಲ್ಲಿ ಜೇಡಿಮಣ್ಣೂ ಬೆರೆತಿರುತ್ತದೆ. ಇಂಗಾಲ ಸವೆದಂತೆ ಕಡ್ಡಿ ಪುಡಿಪುಡಿಯಾಗಿ ಉದುರುತ್ತದೆ. ಲೋಟದ ತಳದಲ್ಲಿ ಕಪ್ಪು ಪುಡಿ ಕೂತಿದೆಯೇ ನೋಡಿ. ಕೂತಿದ್ದರೆ ಮಕ್ಕಳಿಗೂ ತೋರಿಸಿ, ಕಳುವಿನ ಗುರುತು ಅದು.

ಕರಗುವಿಕೆ ಎರಡನೆಯ ಕಾರಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ಆಕ್ಸಿಜನ್‌ಗೆ ತಾಗಿಕೊಂಡಿರುವ ಒಂದು ಲೀಟರ್ ನೀರು ಸುಮಾರು 30 ಮಿ.ಲೀ. ಆಕ್ಸಿಜನ್ ಹಿಡಿದಿಟ್ಟುಕೊಳ್ಳಬಲ್ಲದು. ಹೈಡ್ರೋಜನ್ನಾದರೆ ಸುಮಾರು 19 ಮಿ.ಲೀ. ಮೊದಲೇ ಅರ್ಧ ಪಾಲು ಹುಟ್ಟುವ ಅನಿಲವೇ ಹೆಚ್ಚು ಕರಗುತ್ತದೆ, ಅದಕ್ಕೇ ಅನುಪಾತ ಯಾವಾಗಲೂ 2ರ ಮೇಲಕ್ಕೇ ಜಾರುತ್ತದೆ. ಪ್ರಯೋಗದ ಮೊದಲ ನಿಮಿಷಗಳಲ್ಲಿ ಈ ದೋಷ ಹೆಚ್ಚು.

ಉಪ್ಪಿನ ವಿಷಯ: ದಯವಿಟ್ಟು ತರಗತಿಯಲ್ಲಿ ಅದನ್ನು ನಿಲ್ಲಿಸಿ. ಆನೋಡಿನಲ್ಲಿ ಹುಟ್ಟುತ್ತಿರುವುದು ಕ್ಲೋರಿನ್, ವಿಷಾನಿಲ. ಅದು ಆಕ್ಸಿಜನ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಕರಗುತ್ತದೆ, ಕ್ಯಾಥೋಡಿನಲ್ಲಿ ಹುಟ್ಟುವ ಹೈಡ್ರಾಕ್ಸೈಡ್ ಜೊತೆ ವರ್ತಿಸಿ ಹೈಪೋಕ್ಲೋರೈಟ್ ಕೂಡ ಆಗುತ್ತದೆ. ಅದಕ್ಕೇ ಅಲ್ಲಿ ಅನಿಲ ಸಂಗ್ರಹವಾಗುವುದಿಲ್ಲ.

ಈಗ ಬದಲಿ ಜೋಡಣೆ. ಎಲೆಕ್ಟ್ರೋಡಿಗೆ, ಅಂದರೆ ಆ ಎರಡು ಕಡ್ಡಿಗಳ ಜಾಗಕ್ಕೆ, ನಿಕ್ಕಲ್ ತಂತಿ. 200 ಮಿ.ಲೀ. ನೀರಿಗೆ 10 ಗ್ರಾಂ ನಿರ್ಜಲ ಸೋಡಿಯಂ ಕಾರ್ಬೋನೇಟ್, ಅಂದರೆ ಹರಳಿನ ನೀರು ಹೋದ ವಾಷಿಂಗ್ ಸೋಡ. ನಿಕ್ಕಲ್ ಸಿಗದಿದ್ದರೆ ಸ್ಟೇನ್‌ಲೆಸ್ ಸ್ಟೀಲ್ ತಂತಿ ಇದೇ ದ್ರಾವಣದಲ್ಲಿ ಸ್ವಲ್ಪ ಹೊತ್ತಿಗೆ ನಡೆಯುತ್ತದೆ. ಆದರೆ ದ್ರಾವಣ ಹಳದಿಗೆ ತಿರುಗಿದರೆ ಸ್ಟೀಲಿನ ಕ್ರೋಮಿಯಂ ಕರಗುತ್ತಿದೆ ಎಂದರ್ಥ. ಅದು ವಿಷಕಾರಿ, ಕೂಡಲೇ ನಿಲ್ಲಿಸಿ, ಬರಿಗೈಯಲ್ಲಿ ಮುಟ್ಟಬೇಡಿ, ಸಿಂಕಿಗೆ ಸುರಿಯಬೇಡಿ. ಸ್ಟೀಲ್ ಇದ್ದಾಗ ಉಪ್ಪನ್ನಾಗಲೀ ಆಮ್ಲವನ್ನಾಗಲೀ ಬಳಸುವುದೇ ಬೇಡ. ತಾಮ್ರದ ತಂತಿ ಎಲ್ಲೂ ದ್ರಾವಣಕ್ಕೆ ತಾಗಬಾರದು. ಆನೋಡಿನಲ್ಲಿ ತಾಮ್ರ ತಾನೇ ಉತ್ಕರ್ಷಣೆಗೊಂಡು ಆಕ್ಸಿಜನ್ ಪಾಲನ್ನು ತಿನ್ನುತ್ತದೆ. ಆಮ್ಲದಲ್ಲಾದರೆ ಕರಗಿ ನೀರು ನೀಲಿಯಾಗುತ್ತದೆ. ಬಿರಡೆಯ ಸಂದಿನಲ್ಲಿ ಜಿನುಗಿದ ದ್ರಾವಣ ಕೆಳಗಿನ ಕ್ಲಿಪ್ಪಿಗೆ ತಗಲುವುದು ಬಹಳ ಸಾಮಾನ್ಯ. ಒಂದು ಸುತ್ತು ಮೇಣ ಮೆತ್ತಿಬಿಡಿ.

9 ವೋಲ್ಟಿನ ಚೌಕ ಬ್ಯಾಟರಿ ಬೇಗ ಸೋಲುತ್ತದೆ. 1.5 ವೋಲ್ಟಿನ ನಾಲ್ಕು ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ, ಅದೇ ಸರಣಿಯಲ್ಲಿ ಒಂದು ಅಮ್ಮೀಟರ್ ಇಡಿ. ಕರೆಂಟ್ 0.1 ಆಂಪಿಯರ್ ಬರುವಂತೆ ತಂತಿ ಮುಳುಗಿರುವ ಉದ್ದವನ್ನೋ ನಡುವಿನ ಅಂತರವನ್ನೋ ಹೊಂದಿಸಿ. ಮಲ್ಟಿಮೀಟರ್ ಆದರೆ ಆಂಪಿಯರ್ ತೂತಿಗೆ ತಂತಿ ಚುಚ್ಚಿರಬೇಕು. ವೋಲ್ಟ್ ಸ್ಥಾನದಲ್ಲಿ ಸರಣಿಗೆ ಹಾಕಿದರೆ ಅದರ ರೋಧ ತೀರಾ ಹೆಚ್ಚು, ಗುಳ್ಳೆಯೇ ನಿಂತುಹೋಗುತ್ತದೆ.

0.1 ಆಂಪಿಯರ್ ಹರಿದರೆ ನಿಮಿಷಕ್ಕೆ 6 ಕೂಲಂಬ್. ಕೋಣೆಯ ಉಷ್ಣತೆಯಲ್ಲಿ ಅದು ಸುಮಾರು 0.76 ಮಿ.ಲೀ. ಹೈಡ್ರೋಜನ್, 0.38 ಮಿ.ಲೀ. ಆಕ್ಸಿಜನ್. ಈ ಲೆಕ್ಕ ಕೈಯಲ್ಲಿದ್ದರೆ ಎರಡು ಪ್ರನಾಳಗಳನ್ನು ಒಂದಕ್ಕೊಂದು ಹೋಲಿಸುವುದಷ್ಟೇ ಅಲ್ಲ, ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸಬಹುದು: ಹೈಡ್ರೋಜನ್ ಲೆಕ್ಕಕ್ಕೆ ಸರಿಯಾಗಿದೆಯೇ, ಆಕ್ಸಿಜನ್ ಎಷ್ಟು ಕಡಿಮೆ ಬಿತ್ತು ಎಂದು. ನೀರಾವಿ ಎರಡೂ ಕಡೆ ಶೇಕಡಾ 3ರಷ್ಟು ಸೇರಿಕೊಳ್ಳುತ್ತದೆ. ಅನುಪಾತಕ್ಕೆ ಅದರಿಂದ ತೊಂದರೆಯಿಲ್ಲ.

ತಂತಿಬಲೆ (ಉತ್ತರ):

ಮೇಲಿನದಕ್ಕೆ ಅಳತೆಯ ವಿಷಯ ಸೇರಿಸುತ್ತೇನೆ. ಇದರಲ್ಲಿ ಎಡವುವವರು ಬಹಳ.

ಪ್ರನಾಳದ ಪಕ್ಕ ಸ್ಕೇಲ್ ಹಿಡಿದು ಸೆಂಟಿಮೀಟರಿನಲ್ಲಿ ಅಳೆಯಬೇಡಿ. ಬೋರಲು ಹಾಕಿದಾಗ ಮೇಲೆ ಬರುವುದು ಪ್ರನಾಳದ ಗುಂಡು ತಳ. 16 ಮಿ.ಮೀ. ಒಳವ್ಯಾಸದ ಪ್ರನಾಳದಲ್ಲಿ 6 ಮಿ.ಲೀ. ಅನಿಲದ ಎತ್ತರ ಸುಮಾರು 3.25 ಸೆಂ.ಮೀ., 3 ಮಿ.ಲೀ.ನದು 1.76 ಸೆಂ.ಮೀ. ಗಾತ್ರ ಸರಿಯಾಗಿ 2:1 ಇದ್ದರೂ ಎತ್ತರದ ಅನುಪಾತ 1.85 ಬರುತ್ತದೆ. ಸಿರಿಂಜಿನಿಂದ 1 ಮಿ.ಲೀ.ನಂತೆ ನೀರು ಹಾಕುತ್ತಾ ಪ್ರನಾಳದ ಮೇಲೆ ಮಾರ್ಕರಿನಿಂದ ಗೆರೆ ಎಳೆದುಕೊಳ್ಳಿ. ಈ ಕೆಲಸವನ್ನು ಮಕ್ಕಳೇ ಮಾಡಲಿ.

ಕರಗುವಿಕೆಯ ದೋಷಕ್ಕೆ ಸುಲಭ ಉಪಾಯ ಇದೆ. ಮೊದಲ 10 ನಿಮಿಷ ಓಡಿಸಿ, ಎರಡೂ ಪ್ರನಾಳದಲ್ಲಿ ಮಟ್ಟ ಎಲ್ಲಿದೆಯೋ ಅಲ್ಲಿ ಗುರುತು ಹಾಕಿ. ಅಲ್ಲಿಂದ ಮುಂದಿನ 10 ನಿಮಿಷದ ಹೆಚ್ಚಳವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಅಷ್ಟು ಹೊತ್ತಿಗೆ ಪ್ರನಾಳದೊಳಗಿನ ನೀರು ತನ್ನ ಪಾಲಿನ ಅನಿಲವನ್ನು ಬಹುಮಟ್ಟಿಗೆ ಹೀರಿಕೊಂಡಿರುತ್ತದೆ. ಗುಂಡು ತಳದ ಗೊಂದಲವೂ ಇದರಿಂದ ತಪ್ಪುತ್ತದೆ. 0.1 ಆಂಪಿಯರ್‌ಗೆ ಹೈಡ್ರೋಜನ್ ಒಟ್ಟು 15 ಮಿ.ಲೀ. ಆಗುವುದರಿಂದ 25 ಮಿ.ಲೀ. ಹಿಡಿಸುವ ಪ್ರನಾಳ ಬೇಕು.

ಪ್ರನಾಳದ ಬಾಯಿ ಎಲೆಕ್ಟ್ರೋಡನ್ನು ಪೂರ್ತಿ ಮುಚ್ಚಿಕೊಂಡಿರಬೇಕು, ಆದರೆ ಲೋಟದ ತಳಕ್ಕೆ ಒತ್ತಿಕೊಂಡಿರಬಾರದು. ಒತ್ತಿಕೊಂಡರೆ ದ್ರಾವಣದಲ್ಲಿ ವಿದ್ಯುತ್ ಒಯ್ಯುವ ಕಣಗಳಾದ ಅಯಾನುಗಳಿಗೆ ದಾರಿ ಕಟ್ಟಿ ಕರೆಂಟ್ ಇಳಿಯುತ್ತದೆ. 5 ಮಿ.ಮೀ. ಸಂದು ಸಾಕು. ಓದುವ ಮೊದಲು ಲೋಟವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ತಂತಿಗೆ ಅಂಟಿಕೊಂಡ ಗುಳ್ಳೆಗಳು ಮೇಲೇಳುತ್ತವೆ.

ಪರೀಕ್ಷೆಗೆ ಪ್ರನಾಳದ ಬಾಯನ್ನು ನೀರೊಳಗೇ ಬಿರಡೆಯಿಂದ ಮುಚ್ಚಿ ಹೊರತೆಗೆಯಿರಿ. ಆಕ್ಸಿಜನ್ ಪ್ರನಾಳವನ್ನು ನೆಟ್ಟಗೆ ಹಿಡಿದು ಬಿರಡೆ ತೆಗೆದು ಕೆಂಡದ ಕಡ್ಡಿ ಇಳಿಸಿ. ಒದ್ದೆ ಗೋಡೆಗೆ ತಾಗಿದರೆ ಕೆಂಡ ಆರಿಹೋಗಿ ಮಕ್ಕಳು ಆಕ್ಸಿಜನ್ ಇಲ್ಲ ಎಂದುಬಿಡುತ್ತಾರೆ. ಹೈಡ್ರೋಜನ್ ಪ್ರನಾಳವನ್ನು ಬೋರಲಾಗಿಯೇ ಹಿಡಿದು ಬಿರಡೆ ತೆಗೆಯಿರಿ. ಉಳಿದ ನೀರು ಸುರಿದು ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ಉರಿಯುವ ಕಡ್ಡಿ ಒಡ್ಡಿದಾಗ 'ಪಪ್' ಎನ್ನುವುದು ಆ ಗಾಳಿಯ ಜೊತೆಗಿನ ಮಿಶ್ರಣವೇ. ಕಣ್ಣಿಗೆ ಕನ್ನಡಕ ಕಡ್ಡಾಯ. ಎರಡೂ ಅನಿಲಗಳನ್ನು ಒಂದೇ ಮುಚ್ಚಿದ ಪಾತ್ರೆಯಲ್ಲಿ ಸಂಗ್ರಹಿಸುವುದು ಎಂದಿಗೂ ಬೇಡ.

ಅಯಾನು (ಉತ್ತರ):

ಮಕ್ಕಳ ಎರಡು ಪ್ರಶ್ನೆಗಳೂ ತುಂಬ ಒಳ್ಳೆಯವು. ಪುಸ್ತಕ ಹಾರಿಸುವ ಮೆಟ್ಟಿಲನ್ನು ಅವರು ಹಿಡಿದಿದ್ದಾರೆ.

ಒಂದೇ ಕರೆಂಟ್ ಎಂಬುದು ಸರಿ. ಒಂದು ಕಡೆಯಿಂದ ಹೊರಟಷ್ಟೇ ಎಲೆಕ್ಟ್ರಾನ್ ಇನ್ನೊಂದು ಕಡೆ ತಲುಪಬೇಕು. ಕ್ಯಾಥೋಡಿನಲ್ಲಿ ಒಂದು ಹೈಡ್ರೋಜನ್ ಅಣು ಆಗಲು 2 ಎಲೆಕ್ಟ್ರಾನ್ ಸಾಕು. ಆನೋಡಿನಲ್ಲಿ ಒಂದು ಆಕ್ಸಿಜನ್ ಅಣು ಹುಟ್ಟಬೇಕಾದರೆ 4 ಎಲೆಕ್ಟ್ರಾನ್ ಕಳೆದುಕೊಳ್ಳಬೇಕು. ಮೇಜಿನ ಮೇಲೆ 12 ಮಣಿ ಇಟ್ಟು ಎರಡೆರಡಾಗಿ ಹಂಚಿಸಿ, ಆಮೇಲೆ ನಾಲ್ಕು ನಾಲ್ಕಾಗಿ. 6 ಗುಂಪು, 3 ಗುಂಪು. ಕರೆಂಟ್ ಎಣಿಸುವುದು ಎಲೆಕ್ಟ್ರಾನನ್ನು, ಪ್ರನಾಳ ಎಣಿಸುವುದು ಅಣುವನ್ನು. ಇದು ತಲೆಗೆ ಹೋದರೆ ಮುಂದೆ ಫ್ಯಾರಡೆ ನಿಯಮ (ಹರಿದ ವಿದ್ಯುತ್ತಿಗೂ ಹುಟ್ಟಿದ ವಸ್ತುವಿಗೂ ಇರುವ ಲೆಕ್ಕ) ತಾನಾಗಿಯೇ ಅರ್ಥವಾಗುತ್ತದೆ.

ಆಮ್ಲದ ಪ್ರಶ್ನೆಗೆ ಬಾಯಿಮಾತಿಗಿಂತ ಬಣ್ಣ ಒಳ್ಳೆಯ ಉತ್ತರ. ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಸೋಡಿಯಂ ಸಲ್ಫೇಟ್ ತೆಗೆದುಕೊಳ್ಳಿ, 200 ಮಿ.ಲೀ. ನೀರಿಗೆ ನಿರ್ಜಲ ಲವಣ 14 ಗ್ರಾಂ. ಬ್ರೋಮೋಥೈಮಾಲ್ ಬ್ಲೂ ಸೂಚಕ ಹಾಕಿ ದ್ರಾವಣ ಹಸಿರಾಗುವವರೆಗೆ ಹೊಂದಿಸಿಕೊಳ್ಳಿ. ನಲ್ಲಿ ನೀರಿನಲ್ಲಿ ಮಾಡಿದರೆ ಮೊದಲೇ ನೀಲಿ ಇರಬಹುದು, ಭಟ್ಟಿ ಇಳಿಸಿದ ನೀರೇ ಮೇಲು. ಕರೆಂಟ್ ಬಿಟ್ಟ ಒಂದೆರಡು ನಿಮಿಷದಲ್ಲಿ ಆನೋಡಿನ ಸುತ್ತ ಹಳದಿ, ಕ್ಯಾಥೋಡಿನ ಸುತ್ತ ನೀಲಿ. ನಿಲ್ಲಿಸಿ ಕಲಕಿದರೆ ಮತ್ತೆ ಹಸಿರು. ಒಂದು ಕಡೆ ಹುಟ್ಟಿದ ಆಮ್ಲ, ಇನ್ನೊಂದು ಕಡೆ ಹುಟ್ಟಿದ ಕ್ಷಾರ ಸರಿಸಮ ಇದ್ದು ಪರಸ್ಪರ ತಟಸ್ಥವಾದವು. ಲವಣ ಖರ್ಚಾಗಲಿಲ್ಲ, ಕಡಿಮೆಯಾದದ್ದು ನೀರು. ಆಮ್ಲ ಹಾಕಿದ ಜೋಡಣೆಯಲ್ಲೂ ಹೀಗೇ: ಕ್ಯಾಥೋಡಿನಲ್ಲಿ ಎಷ್ಟು ಹೈಡ್ರೋಜನ್ ಅಯಾನು ಖರ್ಚಾಯಿತೋ ಅಷ್ಟೂ ಆನೋಡಿನಲ್ಲಿ ನೀರಿನಿಂದ ಮತ್ತೆ ಹುಟ್ಟುತ್ತವೆ. ಈ ಪ್ರಯೋಗಕ್ಕೆ ನಿಮ್ಮ ಪೆನ್ಸಿಲ್ ಕಡ್ಡಿಯೇ ಸಾಕು, ಇಲ್ಲಿ ಗಾತ್ರ ಅಳೆಯುವುದಿಲ್ಲ. ಇಂಗಾಲ ಉತ್ಕರ್ಷಣೆಯಾದರೂ ಅಷ್ಟೇ ಹೈಡ್ರೋಜನ್ ಅಯಾನು ಹುಟ್ಟುತ್ತದೆ.

ಸೋಡಿಯಂ ಸಲ್ಫೇಟ್ ಬದಲು ಮೆಗ್ನೀಸಿಯಂ ಸಲ್ಫೇಟ್ ಹಾಕಬೇಡಿ. ಕ್ಯಾಥೋಡಿನಲ್ಲಿ ಬಿಳಿಯ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಗಟ್ಟಿ ಬಿದ್ದು ಕ್ಷಾರದ ಒಂದು ಪಾಲು ಅದರಲ್ಲೇ ಸಿಕ್ಕಿಕೊಳ್ಳುತ್ತದೆ.

ಇನ್ನು ದೊಡ್ಡ ಮಾತು. "ಅನಿಲ 2:1 ಬಂತು, ಆದ್ದರಿಂದ ನೀರು ಎಚ್‌2ಓ" ಎಂದು ಬರೆಸುತ್ತೇವಲ್ಲ, ಆ "ಆದ್ದರಿಂದ" ಅಷ್ಟು ಅಗ್ಗದ್ದಲ್ಲ. ನಿಕಲ್ಸನ್ ಮತ್ತು ಕಾರ್ಲೈಲ್ ವೋಲ್ಟಾನ ಕೋಶರಾಶಿಯಿಂದ (ಮೊದಲ ಬ್ಯಾಟರಿಯಿಂದ) ನೀರನ್ನು ಒಡೆದದ್ದು 1800ರಲ್ಲಿ. ಆಮೇಲೂ ಡಾಲ್ಟನ್ ನೀರನ್ನು ಎಚ್‌ಓ ಎಂದೇ ಎಣಿಸಿದ. ಅವನಲ್ಲಿ ಇಲ್ಲದಿದ್ದ ಕೊಂಡಿ 1811ರ ಅವೊಗಾಡ್ರೊ ಊಹೆ: ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮ. ಅದನ್ನು ಒಪ್ಪಿದ ಮೇಲಷ್ಟೇ ಮಿ.ಲೀ. ಲೆಕ್ಕ ಅಣುವಿನ ಲೆಕ್ಕವಾಗುತ್ತದೆ. ಅದು ರಸಾಯನಶಾಸ್ತ್ರಜ್ಞರ ನಡುವೆ ನೆಲೆಗೊಂಡದ್ದು 1860ರ ಸುಮಾರಿಗೆ, ಕ್ಯಾನಿಜಾರೊ ಅದನ್ನು ಮತ್ತೆ ಎತ್ತಿ ಹಿಡಿದ ಮೇಲೆ.

ಆಕ್ಸಿಜನ್ ಅಣುವಿನಲ್ಲಿ ಎರಡು ಪರಮಾಣು ಇವೆ ಎಂಬುದಕ್ಕೂ ಗಾತ್ರದಲ್ಲೇ ಸುಳಿವಿದೆ. 2 ಗಾತ್ರ ಹೈಡ್ರೋಜನ್, 1 ಗಾತ್ರ ಆಕ್ಸಿಜನ್ ಸೇರಿ 2 ಗಾತ್ರ ನೀರಾವಿ ಆಗುತ್ತದೆ, ಮೂರೂ 100 ಡಿಗ್ರಿಗಿಂತ ಮೇಲೆ ಅನಿಲವಾಗಿಯೇ ಇದ್ದಾಗ. ಒಂದು ಆಕ್ಸಿಜನ್ ಅಣು ಎರಡು ನೀರಿನ ಅಣುಗಳಿಗೆ ಹಂಚಿಹೋಗಬೇಕಾದರೆ ಅದು ಎರಡಾಗಿ ಒಡೆಯಲೇಬೇಕು. ಇಷ್ಟನ್ನು ಹೇಳಲು ಹತ್ತು ನಿಮಿಷ ಸಾಕು. ಮಕ್ಕಳಿಗೆ ಸೂತ್ರ ಎಲ್ಲಿಂದ ಬಂತು ಎಂಬುದು ಆಗ ಕಾಣುತ್ತದೆ. ಗಾತ್ರ 2:1 ಎಂದರೆ ರಾಶಿಯೂ 2:1 ಎಂದುಕೊಳ್ಳುವವರು ಇರುತ್ತಾರೆ, ರಾಶಿಯಲ್ಲಿ ಅದು 1:8 ಎಂಬುದನ್ನೂ ಅಲ್ಲೇ ಸೇರಿಸಿ.

ಸೀಮೆಸುಣ್ಣ:

ತುಂಬ ಧನ್ಯವಾದ. ಲೋಟದ ತಳದಲ್ಲಿ ಕಪ್ಪು ಪುಡಿ ಇದ್ದದ್ದು ನಿಜ. ಇನ್ನೆರಡು ಸಂದೇಹ. ವೋಲ್ಟೇಜ್ ಹೆಚ್ಚಿಸಿದರೆ ಅನುಪಾತ ಸುಧಾರಿಸುತ್ತದೆಯೇ? ವಾಷಿಂಗ್ ಸೋಡ ಇಲ್ಲದಿದ್ದರೆ ಅಡುಗೆ ಸೋಡ ಆಗುತ್ತದೆಯೇ?

ಬೀಕರ್‌ಬುಡ:

ಸುಧಾರಿಸುವುದಿಲ್ಲ. ನೀರನ್ನು ಒಡೆಯಲು ಸೈದ್ಧಾಂತಿಕವಾಗಿ ಬೇಕಾದದ್ದು 1.23 ವೋಲ್ಟ್. ಎಲೆಕ್ಟ್ರೋಡಿನ ಮೇಲೆ ಅನಿಲ ಹುಟ್ಟಿಸುವ ಅಡ್ಡಿಯನ್ನು ದಾಟಬೇಕಾದ್ದರಿಂದ ಗುಳ್ಳೆ ಚೆನ್ನಾಗಿ ಕಾಣಲು 2 ವೋಲ್ಟ್ ಆಸುಪಾಸು ಬೇಕಾಗುತ್ತದೆ. ಅದರ ಮೇಲಿನದೆಲ್ಲ ದ್ರಾವಣದ ರೋಧವನ್ನು ದಾಟಿಸಿ ವೇಗ ಹೆಚ್ಚಿಸಲು, ಉಳಿದದ್ದು ಶಾಖ. ಒಂದೇ 1.5 ವೋಲ್ಟ್ ಸೆಲ್ ಹಾಕಿ ಗುಳ್ಳೆ ಹೆಚ್ಚುಕಡಿಮೆ ಬಾರದಿರುವುದನ್ನು ಮೊದಲು ತೋರಿಸಿ, ಎರಡನೆಯ ಸೆಲ್ ಸೇರಿಸಿದ ಕ್ಷಣ ಶುರುವಾಗುವುದನ್ನು ಆಮೇಲೆ ತೋರಿಸಿ. ವೋಲ್ಟೇಜಿಗೂ ಕರೆಂಟಿಗೂ ಇರುವ ವ್ಯತ್ಯಾಸ ಇದಕ್ಕಿಂತ ಸ್ಪಷ್ಟವಾಗಿ ಕಾಣುವ ಜಾಗ ಕಡಿಮೆ. ಮನೆಯ ವಿದ್ಯುತ್ತನ್ನು ನೇರವಾಗಿ ಬಳಸುವ ಯೋಚನೆ ಯಾರಿಗೂ ಬರದಂತೆ ಅಂದೇ ಎಚ್ಚರಿಸಿ.

ಅಡುಗೆ ಸೋಡ ಬೇಡ. ಆನೋಡಿನಲ್ಲಿ ಹುಟ್ಟುವ ಹೈಡ್ರೋಜನ್ ಅಯಾನು ಬೈಕಾರ್ಬೋನೇಟ್ ಜೊತೆ ಸೇರಿ ಅಲ್ಲೇ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಅದರಲ್ಲಿ ಒಂದಷ್ಟು ಆಕ್ಸಿಜನ್ ಪ್ರನಾಳಕ್ಕೆ ಏರುತ್ತದೆ. ಕಾರ್ಬೋನೇಟಿನಲ್ಲಾದರೆ ಅದೇ ಅಯಾನು ಮೊದಲು ಬೈಕಾರ್ಬೋನೇಟ್ ಮಾಡುವುದರಲ್ಲೇ ಕಳೆದುಹೋಗುತ್ತದೆ, 20 ನಿಮಿಷದ ಪ್ರಯೋಗದಲ್ಲಿ ಅನಿಲ ಏಳುವಷ್ಟು ದೂರ ಹೋಗುವುದಿಲ್ಲ. ಅಡುಗೆ ಸೋಡ ಮಾತ್ರ ಇದ್ದರೆ ಅದನ್ನು ಲೋಹದ ತಟ್ಟೆಯಲ್ಲಿ ತೆಳ್ಳಗೆ ಹರಡಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ. ಕಾರ್ಬನ್ ಡೈಆಕ್ಸೈಡ್, ನೀರಾವಿ ಹೊರಟುಹೋಗಿ ಸೋಡಿಯಂ ಕಾರ್ಬೋನೇಟ್ ಉಳಿಯುತ್ತದೆ. 84 ಗ್ರಾಂ ಇಟ್ಟರೆ 53 ಗ್ರಾಂ ಸಿಗಬೇಕು. ತೂಕ ಇಳಿಯುವುದು ನಿಂತ ಮೇಲೆ ತೆಗೆಯಿರಿ.